ಏಣಿಯೂ ಮೈಲಿಗಲ್ಲೂ: ಕನ್ನಡನಾಡಿನ ಶಿಶುಕೇಂದ್ರಿತ ಶಿಕ್ಷಣದ ಒಂದು ಸಮೀಕ್ಷೆ

ಶಿಶುಕೇಂದ್ರಿತ ಶಿಕ್ಷಣವೆಂಬುದು ನಿನ್ನೆ ಮೊನ್ನೆ ಪರದೇಶದಿಂದ ಬಂದಿಳಿದ ಸರಕೆಂದೂ, ಬಣ್ಣದ ಕಾಗದ, ಹಾಡು, ಕುಣಿತಗಳಿದ್ದಲ್ಲಿ ಅದು ತಾನಾಗಿ ಸಿದ್ಧಿಸುವುದೆಂದೂ ನಂಬುವ ರೂಢಿಯೊಂದು ಈಚೆಗೆ ನಮ್ಮ ತರಬೇತಿ ಶಿಬಿರಗಳಲ್ಲಿ ಬೇರೂರುತ್ತಿರುವುದರಿಂದ, ಈ ವಿಚಾರ ನಮ್ಮಲ್ಲಿ ನಡೆದುಬಂದ ದಾರಿಯನ್ನು ಒಮ್ಮೆ ಪರಾಮರ್ಶಿಸುವುದು ಅಪ್ರಸ್ತುತವಾಗಲಾರದು.

ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿಯನ್ನು ಒಕ್ಕೊರಲಿನಿಂದ ಹೇಳಿಸುತ್ತಿದ್ದ ಕೂಲಿಮಠದ ಅಯ್ಯನವರನ್ನು ಜರೆಯುವುದು ಸುಲಭ. ಆದರೆ ಹಲವು ವಯಸ್ಸಿನ ಮಕ್ಕಳನ್ನು ಒಂದೇ ಜಗಲಿಯಲ್ಲಿ ಕೂರಿಸಿಕೊಂಡು ದೊಡ್ಡವನಿಂದ ಚಿಕ್ಕವನಿಗೆ ಪಾಠ ಹೇಳಿಸುತ್ತಿದ್ದ ಆತನ ಕ್ರಮವನ್ನೇ ನಾವಿಂದು ಬೇರೆ ಹೆಸರಿನಿಂದ ಕೊಂಡಾಡುತ್ತಿದ್ದೇವೆ. ಶಾಲೆಗಳ ತನಿಖೆ ಮಾಡುತ್ತಲೇ ಮಕ್ಕಳಿಗಾಗಿ ಬರೆದ ಪಂಜೆ ಮಂಗೇಶರಾಯರೂ, ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಪ್ರಕೃತಿವೀಕ್ಷಣೆಗಳನ್ನು ಪಾಠದೊಡನೆ ಬೆರೆಸಲು ಹೊರಟ ಶಿವರಾಮ ಕಾರಂತರೂ ಏಕಾಕಿಗಳಾಗಿಯೇ ಉಳಿದರು. 1937ರ ವರ್ಧಾ ಸಮ್ಮೇಳನದಿಂದ ಹೊಮ್ಮಿದ, ಕೈಕಸುಬಿನ ಮೂಲಕ ಕಲಿಸುವ ಮೂಲಶಿಕ್ಷಣವಂತೂ ಸರಕಾರಿ ಶಾಲೆಗಳಲ್ಲಿ ನೂಲುವ ತಕಲಿಯನ್ನು ಇರಿಸಿಕೊಂಡು ತತ್ತ್ವವನ್ನು ಕೈಬಿಟ್ಟಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಶುಕೇಂದ್ರಿತ ಎಂಬ ಮಾತನ್ನು ಅಧಿಕೃತಗೊಳಿಸಿತು; 1993ರಲ್ಲಿ ಯಶಪಾಲ್ ಸಮಿತಿ ಮಗುವಿನ ಹೊರೆಯ ಬಗೆಗೆ ನುಡಿಯಿತು. ವರದಿಗಳಿಗೆ ನಮ್ಮಲ್ಲಿ ಎಂದೂ ಬರಗಾಲವಿಲ್ಲ.

ಕ್ಷೇತ್ರದ ನಿಜವಾದ ತಿರುವು ಒದಗಿದುದು 1995ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ. ಮದನಪಲ್ಲಿಯ ಸಮೀಪದ ಋಷಿವ್ಯಾಲಿಯ ಸುತ್ತಣ ಹಳ್ಳಿಗಳಲ್ಲಿ ಪದ್ಮನಾಭರಾವ್ ಮತ್ತು ರಮಾ ದಂಪತಿಗಳು ರೂಪಿಸಿದ್ದ ಕ್ರಮವನ್ನು ಕಣ್ಣಾರೆ ಕಂಡು ಬಂದ ಈ ತಾಲೂಕಿನ ಶಿಕ್ಷಕರು, ಯುನಿಸೆಫ್ ನೆರವಿನಿಂದ, ಆದರೆ ತಮ್ಮ ಕೈಯಿಂದಲೇ ಕಾರ್ಡುಗಳನ್ನು ಬರೆದು, ಚಿತ್ರ ಬಿಡಿಸಿ, ತಮ್ಮೂರಿನ ಹಾಡು ಕಥೆಗಳನ್ನು ಸೇರಿಸಿ ಕಟ್ಟಿದ ಪದ್ಧತಿಯೇ ನಲಿ-ಕಲಿ. ಇಲ್ಲಿನ ಕಾಡಂಚಿನ ಆದಿವಾಸಿ ಹಾಡಿಗಳಿಂದ ಕಾಫಿ ಕೊಯ್ಲಿಗೆಂದು ಕೊಡಗಿಗೆ ಸಂಸಾರವೇ ಹೊರಟಾಗ ಮಗುವೂ ಹೊರಡುತ್ತದೆ. ಮರಳಿ ಬರುವಷ್ಟರಲ್ಲಿ ಪಠ್ಯಪುಸ್ತಕ ಅದನ್ನು ಬಿಟ್ಟು ಬಹುದೂರ ಸಾಗಿರುತ್ತದೆ. ಕಲಿಕೆಯ ಹಂತಗಳನ್ನು ಚಿಹ್ನೆಗಳ ಮೆಟ್ಟಿಲುಗಳಾಗಿ ಜೋಡಿಸಿದ ನಲಿ-ಕಲಿಯ ಕಲಿಕಾ ಏಣಿಯಲ್ಲಾದರೋ ಅದು ತಾನು ನಿಲ್ಲಿಸಿದ ಮೆಟ್ಟಿಲಿನ ಚಿಹ್ನೆಯನ್ನು ಹುಡುಕಿ, ಅದೇ ಚಿಹ್ನೆಯ ಕಾರ್ಡನ್ನು ಎತ್ತಿಕೊಂಡು, ತಟ್ಟೆಗಳೆಂದು ಕರೆಯುವ ಗುಂಪುಗಳಲ್ಲಿ ಶಿಕ್ಷಕರ ನೆರವಿನ ತಟ್ಟೆಗೋ, ಸಹಪಾಠಿಗಳ ನೆರವಿನ ತಟ್ಟೆಗೋ, ಸ್ವಕಲಿಕೆಯ ತಟ್ಟೆಗೋ ಹೋಗಿ ಕೂರುತ್ತದೆ. ಕೆಲವು ಮೆಟ್ಟಿಲುಗಳ ಗುಚ್ಛವಾದ ಮೈಲಿಗಲ್ಲನ್ನು ದಾಟಿದ ಮೇಲೆ ಪ್ರಗತಿನೋಟದ ಪಟ್ಟಿಯಲ್ಲಿ ಗುರುತು ಬೀಳುತ್ತದೆ. ನಪಾಸಾಗುವ ಪ್ರಸಂಗವೇ ಅಲ್ಲಿಲ್ಲ. ಏಕೋಪಾಧ್ಯಾಯ ಶಾಲೆಯ ದಾರಿದ್ರ್ಯವನ್ನೇ ಬೋಧನಕ್ರಮವಾಗಿ ಮಾರ್ಪಡಿಸಿದ ಈ ಜಾಣ್ಮೆಗೆ ಸಮನಾದುದನ್ನು ನಮ್ಮ ಯಾವ ಆಯೋಗವೂ ಯೋಚಿಸಿರಲಿಲ್ಲ.

ಅಕ್ಷರಬೋಧನೆಯಲ್ಲಿ ನಲಿ-ಕಲಿ ತೋರಿದ ಧೈರ್ಯವಂತೂ ಪಂಡಿತರನ್ನು ಕೆರಳಿಸಿತು. ವರ್ಣಮಾಲೆಯ ಶಾಸ್ತ್ರೀಯ ಅನುಕ್ರಮವನ್ನು ಬದಿಗಿರಿಸಿ, ಬರೆಯುವ ಕೈಗೆ ಒಗ್ಗುವ ರ, ಗ, ಸ, ದ, ಅ ಎಂಬ ಐದರಿಂದ ತೊಡಗಿದರೆ, ಒಂದು ಕಾಗುಣಿತವನ್ನೂ ಅರಿಯದ ಮಗು ಸರ, ಅರಸ, ಅಗಸ, ಗರಗಸ, ದಸರ ಎಂದು ಅರ್ಥವುಳ್ಳ ಪದಗಳನ್ನು ಓದತೊಡಗುತ್ತದೆ. ಅರ್ಥಪೂರ್ಣ ಕಲಿಕೆಯೆಂದು ಇಂದು ಗಂಟೆಗಟ್ಟಲೆ ಉಪನ್ಯಾಸ ಕೊಡುವವರು ಈ ಐದಕ್ಷರಗಳ ಕಾರ್ಡನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

2009-10ರಲ್ಲಿ ನಲಿ-ಕಲಿ ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ವ್ಯಾಪ್ತಿ ಹಿಗ್ಗಿತು, ಸಂತೋಷವೇ. ಆದರೆ ಕಾರ್ಡುಗಳು ಅಚ್ಚಾಗಿ ಬಂದುವು, ಅವನ್ನು ರಚಿಸಿದ್ದ ಶಿಕ್ಷಕವರ್ಗ ಅವನ್ನು ಹಂಚುವ ವರ್ಗವಾಯಿತು. ಗೋಡೆಯ ತಗ್ಗು ಕಪ್ಪುಹಲಗೆಯೂ, ಮಕ್ಕಳ ಚಿತ್ರಗಳನ್ನು ತೂಗುಬಿಡುವ ಚಪ್ಪರವೂ ತನಿಖೆಯ ದಿನದ ಅಲಂಕಾರವಾದುದನ್ನು ನಾನು ಬಲ್ಲೆ. ಪದ್ಧತಿ ಸೋತಿತೆಂದು ಇದನ್ನು ಕಂಡು ತೀರ್ಪಿತ್ತವರು, ಶಿಕ್ಷಕನಿಂದ ಕರ್ತೃತ್ವವನ್ನು ಕಿತ್ತುಕೊಂಡ ಮೇಲೆ ಉಳಿಯುವುದು ಪದ್ಧತಿಯಲ್ಲವೆಂಬುದನ್ನು ಗಮನಿಸಲಿಲ್ಲ. ಮಗು ಕೇಂದ್ರವಾಗಬೇಕಾದರೆ ಶಿಕ್ಷಕ ಅಂಚಿಗೆ ಸರಿಯಬೇಕೆಂಬ ಈಗಿನ ವಾದವೂ ಇದೇ ಅವಿವೇಕದ ಇನ್ನೊಂದು ಮುಖ.

ಬರೆಯಬೇಕಾದುದು ಇನ್ನೂ ಬಹಳವಿದೆ. ಮೊದಲ ತಲೆಮಾರಿನ ಕೈಬರಹದ ಕಾರ್ಡುಗಳನ್ನು ಕಲೆಹಾಕಿಡಬೇಕೆಂದು ತರಬೇತಿ ಸಭೆಗಳಲ್ಲಿ ಎತ್ತಿದ ಮಾತು ನಡಾವಳಿಯ ಪುಸ್ತಕವನ್ನು ದಾಟಲಿಲ್ಲ. ನಲಿ-ಕಲಿಯಲ್ಲಿ ಮೂರು ವರ್ಷ ತನ್ನ ನಡಿಗೆಯಲ್ಲೇ ಕಲಿತ ಮಗುವಿಗೆ ನಾಲ್ಕನೆಯ ತರಗತಿಯಲ್ಲಿ ಏಕಾಏಕಿ ಒಂದೇ ಪುಸ್ತಕ, ಒಂದೇ ದಿನ, ಒಂದೇ ಪುಟ ಎದುರಾದಾಗ ಏನಾಗುವುದೆಂಬುದನ್ನು ವರ್ಷಗಟ್ಟಲೆ ಹಿಂಬಾಲಿಸಿ ಬರೆದ ಕನ್ನಡ ಗ್ರಂಥವೊಂದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದನ್ನು ಬರೆಯಬಲ್ಲವರು ಆ ತಟ್ಟೆಗಳ ನಡುವೆ ನೆಲದ ಮೇಲೆ ಕುಳಿತು ಪಾಠ ಹೇಳಿದವರೇ. ಅವರಿಂದ ಅಂಕಿ ಅಂಶಗಳನ್ನು ಕೇಳುವ ಸುತ್ತೋಲೆಗಳು ಬರುತ್ತಲೇ ಇವೆ, ಅನುಭವವನ್ನು ಕೇಳಿದ ಸುತ್ತೋಲೆ ಒಂದೂ ಬಂದುದಿಲ್ಲ.