ಕಿವಿಗೆ ಮಷಿನ್ ಹಾಕಿದ್ರೂ ಕೌಂಟರ್‌ನಲ್ಲಿ ಕೇಳಿಸಲ್ಲ ಯಾಕೆ? ‘ಹಿಯರಿಂಗ್ ಲೂಪ್’ ಬಗ್ಗೆ ತಿಳಿದಿರಬೇಕಾದ ಮಾಹಿತಿ

ಮನೆಯಲ್ಲಿ ಎದುರು ಕೂತು ಮಾತಾಡಿದರೆ ಅಜ್ಜನಿಗೆ ಚೆನ್ನಾಗಿಯೇ ಕೇಳಿಸುತ್ತೆ. ಅದೇ ಅಜ್ಜ ಬ್ಯಾಂಕಿನ ಗಾಜಿನ ಕೌಂಟರ್ ಮುಂದೆ ಮೂರು ಸಲ ‘ಏನಂದ್ರಿ?’ ಅಂತ ಕೇಳಿ, ಸರದಿಯಲ್ಲಿ ಹಿಂದಿದ್ದವರು ಗೊಣಗಿದ ಮೇಲೆ ಸುಮ್ಮನೆ ತಲೆಯಾಡಿಸಿ ವಾಪಸ್ ಬರ್ತಾರೆ. ಔಷಧಿ ಅಂಗಡಿಯಲ್ಲಿ ಹೀಗಾದರೆ ಮಾತ್ರೆಯ ಲೆಕ್ಕವೇ ತಪ್ಪಬಹುದು.

ಕಾರಣ ಏನು?
ಶ್ರವಣ ಸಾಧನಕ್ಕೆ ಒಂದೆರಡು ಮೀಟರ್ ಒಳಗಿನ ಮಾತು ಸಲೀಸು. ದೂರ ಹೆಚ್ಚಾದಂತೆ ಫ್ಯಾನ್ ಸದ್ದು, ಜನರ ಗದ್ದಲ, ಗೋಡೆಗೆ ಬಡಿದು ಬರುವ ಪ್ರತಿಧ್ವನಿಯಲ್ಲಿ ಮಾತು ಮುಳುಗಿ ಹೋಗುತ್ತದೆ.

ಲೂಪ್ ಹೇಗೆ ಕೆಲಸ ಮಾಡುತ್ತೆ?
ಕೋಣೆಯ ಸುತ್ತ ಅಥವಾ ಕೌಂಟರ್‌ಗೆ ತಾಮ್ರದ ತಂತಿ ಅಳವಡಿಸುತ್ತಾರೆ. ಮೈಕ್‌ನ ಧ್ವನಿ ಆಂಪ್ಲಿಫೈಯರ್ ಮೂಲಕ ಆ ತಂತಿಗೆ ಹೋಗಿ ಕಾಂತಕ್ಷೇತ್ರ ಉಂಟಾಗುತ್ತದೆ. ಶ್ರವಣ ಸಾಧನದೊಳಗಿನ ‘ಟೆಲಿಕಾಯಿಲ್’ ಎಂಬ ಪುಟ್ಟ ಸುರುಳಿ ಅದನ್ನು ಹಿಡಿದು ಮತ್ತೆ ಧ್ವನಿ ಮಾಡುತ್ತದೆ. ‘ಟಿ’ ಸ್ವಿಚ್‌ಗೆ ಹಾಕಿಕೊಂಡರೆ ಮೈಕ್‌ನಲ್ಲಿ ಆಡಿದ ಮಾತು ನೇರ ಕಿವಿಗೆ. ಕಿವಿಯ ಚಿತ್ರದ ಜೊತೆ ‘ಟಿ’ ಅಕ್ಷರವಿರುವ ಫಲಕ ಕಂಡರೆ ಅಲ್ಲಿ ಲೂಪ್ ಇದೆ ಎಂದರ್ಥ.

ಎಲ್ಲ ಮಷಿನ್‌ಗೂ ಆಗುತ್ತಾ?
ಇಲ್ಲ. ತೀರಾ ಚಿಕ್ಕ ಮಷಿನ್‌ಗಳಲ್ಲಿ ಟೆಲಿಕಾಯಿಲ್ ಇರದೇ ಇರಬಹುದು. ಹೀಗಾಗಿ ಕೊಳ್ಳುವಾಗಲೇ ಕೇಳಿ, ಆನ್ ಮಾಡಿಸಿಕೊಳ್ಳಿ. ಬ್ಲೂಟೂತ್ ಆಧಾರಿತ ‘ಆರಾಕಾಸ್ಟ್’ ಎಂಬ ಹೊಸ ವ್ಯವಸ್ಥೆಯೂ ಬಂದಿದೆ, ಆದರೆ ಅದಕ್ಕೆ ಹೊಂದುವ ಸಾಧನವೇ ಬೇಕು.

ಕಾನೂನು ಏನನ್ನುತ್ತೆ?
2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ‘ಸಾರ್ವಜನಿಕ ಕಟ್ಟಡ’ ಎಂದರೆ ಸರ್ಕಾರಿ ಕಚೇರಿ ಮಾತ್ರವಲ್ಲ, ಜನ ಬಳಸುವ ಖಾಸಗಿ ಕಟ್ಟಡವೂ ಸೇರುತ್ತದೆ. ಇಂಥ ಕಡೆ ಎಲ್ಲರಿಗೂ ಸೇವೆ ಸಿಗುವಂತಿರಬೇಕು ಎನ್ನುವುದೇ ಅದರ ಆಶಯ.

ಅಂಗಡಿಯವರು ಇವತ್ತೇ ಮಾಡಬಹುದಾದದ್ದು
* ಗಿರಾಕಿಯ ಮುಖ ನೋಡಿ, ಬೆಳಕಿನಲ್ಲಿ ನಿಂತು, ನಿಧಾನಕ್ಕೆ ಮಾತಾಡಿ. ಕಿರುಚಬೇಡಿ.
* ಟಿವಿ, ಹಾಡಿನ ಸದ್ದು ತಗ್ಗಿಸಿ.
* ರೇಟನ್ನು ಕ್ಯಾಲ್ಕುಲೇಟರ್‌ನಲ್ಲಿ ತೋರಿಸಿ, ಮಾತ್ರೆಯ ಹೊತ್ತನ್ನು ಬರೆದುಕೊಡಿ.
* ಒಮ್ಮೆ ಹೇಳಿದ್ದು ಕೇಳಿಸದಿದ್ದರೆ ಬೇರೆ ಪದದಲ್ಲಿ ಹೇಳಿ.

ಕಿವಿ ಮಂದ ಅನಿಸಿದರೆ ‘ವಯಸ್ಸಾಯ್ತು’ ಅಂತ ಬಿಡಬೇಡಿ. ಜಿಲ್ಲಾಸ್ಪತ್ರೆಯ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ತಪಾಸಣೆ ಮಾಡಿಸಬಹುದು.