ಸಾರ್ಕಾಯ್ಡೋಸಿಸ್ ಮತ್ತು ಸ್ನಾಯು ಉರಿಯೂತ

ಸಾರ್ಕಾಯ್ಡ್ ಸ್ನಾಯು ಉರಿಯೂತವೆಂದರೆ ಸಾರ್ಕಾಯ್ಡೋಸಿಸ್ ರೋಗವು ಕೈಕಾಲು ಮತ್ತು ಮೈಯ ಸ್ನಾಯುಗಳನ್ನು ತಾಗಿದಾಗ ಉಂಟಾಗುವ ತೊಡಕು. ಈ ರೋಗದಲ್ಲಿ ದೇಹದ ರಕ್ಷಣಾ ಕೋಶಗಳು ಅಲ್ಲಲ್ಲಿ ಗುಂಪುಗೂಡಿ ಗ್ರ್ಯಾನ್ಯುಲೋಮಾ ಎಂಬ ಸೂಕ್ಷ್ಮ ಗಂಟುಗಳಾಗುತ್ತವೆ. ಶ್ವಾಸಕೋಶ ಮತ್ತು ದುಗ್ಧಗ್ರಂಥಿಗಳು ಅವುಗಳ ಮುಖ್ಯ ನೆಲೆ. ಚರ್ಮ, ಕಣ್ಣು, ಹೃದಯ, ನರ, ಸ್ನಾಯುಗಳಲ್ಲೂ ಅವು ಕಾಣಿಸಿಕೊಳ್ಳುತ್ತವೆ. ರೋಗದ ಮೂಲ ಕಾರಣ ಇನ್ನೂ ಖಚಿತವಾಗಿಲ್ಲ.

ಆರಂಭದಲ್ಲಿ ವೈದ್ಯರು ಸಾರ್ಕಾಯ್ಡೋಸಿಸ್ ಅನ್ನು ಚರ್ಮರೋಗವೆಂದೇ ಎಣಿಸಿದ್ದರು. ಲಂಡನ್ನಿನ ಜೊನಾಥನ್ ಹಚಿನ್‌ಸನ್ 1869ರಲ್ಲಿ ಕೈಕಾಲುಗಳ ಮೇಲೆ ನೇರಳೆ ಬಣ್ಣದ ಮಚ್ಚೆಗಳಿದ್ದ ರೋಗಿಯೊಬ್ಬನನ್ನು ಕಂಡ. ಪ್ಯಾರಿಸ್ಸಿನ ಎರ್ನೆಸ್ಟ್ ಬೆನಿಯೆ 1889ರಲ್ಲಿ ಮೂಗು, ಕಿವಿ, ಬೆರಳುಗಳ ಊತವನ್ನು ವರ್ಣಿಸಿದ. ನಾರ್ವೆಯ ಸೀಸರ್ ಬೋಕ್ 1899ರಲ್ಲಿ ಚರ್ಮದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅವುಗಳ ಕೋಶರಚನೆಯನ್ನು ವಿವರಿಸಿದ. ಈ ಬಿಡಿ ವರದಿಗಳೆಲ್ಲ ಇಡೀ ದೇಹವನ್ನು ವ್ಯಾಪಿಸುವ ಒಂದೇ ರೋಗದ ಮುಖಗಳೆಂದು 1914ರಲ್ಲಿ ವಾದಿಸಿದವನು ಸ್ವೀಡನ್ನಿನ ಯೋರ್ಗನ್ ಶೌಮನ್.

ಅದಕ್ಕೂ ಮೊದಲೇ, 1908ರಲ್ಲಿ, ಲಿಖಾರೆವ್ ಎಂಬ ವೈದ್ಯನ ವರದಿಯಲ್ಲಿ ಸ್ನಾಯುಗಳ ತೊಂದರೆಯ ಉಲ್ಲೇಖ ಬಂದಿತ್ತು. ಆದರೆ ಅದರ ವ್ಯವಸ್ಥಿತ ಅಧ್ಯಯನ ಬಲಗೊಂಡದ್ದು ಸ್ನಾಯುವಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ರೂಢಿಗೆ ಬಂದ ಮೇಲೆ, 1950ರ ದಶಕದಲ್ಲಿ. ಆಗ ಹೊರಬಿದ್ದ ಸಂಗತಿ ಅಚ್ಚರಿಯದು: ನೋವಾಗಲಿ ನಿಶ್ಶಕ್ತಿಯಾಗಲಿ ಇಲ್ಲದ ಅನೇಕರ ಸ್ನಾಯುಗಳಲ್ಲೂ ಗ್ರ್ಯಾನ್ಯುಲೋಮಾಗಳಿದ್ದವು. ಹಲವು ಬಯಾಪ್ಸಿ ಅಧ್ಯಯನಗಳಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳ ಸ್ನಾಯುವಿನಲ್ಲಿ ಅವು ಸಿಕ್ಕಿವೆ. ಸ್ನಾಯುವಿನ ಲಕ್ಷಣಗಳು ಕಾಣುವುದು ಮಾತ್ರ ಶೇಕಡ 0.5ರಿಂದ 2.5ರಷ್ಟು ಜನರಲ್ಲಿ. ಗಂಟು ಇರುವುದು ಬೇರೆ, ಅದರಿಂದ ಬಾಧೆಪಡುವುದು ಬೇರೆ ಎಂಬ ಈ ಅರಿವೇ ಮುಂದಿನ ಚಿಂತನೆಗೆ ತಳಹದಿಯಾಯಿತು. ನ್ಯೂಯಾರ್ಕಿನ ಸಿಲ್ವರ್‌ಸ್ಟೀನ್ ಮತ್ತು ಸಿಲ್ಟ್ಸ್‌ಬಾಕ್ 1969ರಲ್ಲಿ ಲಕ್ಷಣರಹಿತ ಸ್ಥಿತಿ, ಉರಿಯೂತ, ದೀರ್ಘಕಾಲೀನ ಸ್ನಾಯುಕ್ಷಯ ಎಂದು ಸ್ನಾಯುಗಳ ತೊಂದರೆಯನ್ನು ವಿಂಗಡಿಸಿದರು.

ಇಂದು ಲಕ್ಷಣವಿರುವ ರೋಗದಲ್ಲಿ ಮೂರು ಬಗೆಗಳನ್ನು ಗುರುತಿಸುತ್ತಾರೆ. ತೀವ್ರ ಬಗೆಯಲ್ಲಿ ಜ್ವರ, ಸ್ನಾಯುನೋವು ಇದ್ದು, ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಎಂಬ ಸ್ನಾಯುಕಿಣ್ವ ಏರಬಹುದು. ದೀರ್ಘಕಾಲೀನ ಬಗೆಯಲ್ಲಿ ತೊಡೆ, ಸೊಂಟ, ಭುಜದ ಸ್ನಾಯುಗಳು ನಿಧಾನವಾಗಿ ಸೊರಗುತ್ತವೆ. ಮೆಟ್ಟಿಲು ಹತ್ತುವುದು, ಕುಳಿತಲ್ಲಿಂದ ಏಳುವುದು ಕಷ್ಟವಾಗುತ್ತದೆ. ಗಂಟಿನ ಬಗೆಯಲ್ಲಿ ಕೈಗೆ ಸಿಗುವ ಗಡ್ಡೆಗಳಿರುತ್ತವೆ. ಇವುಗಳ ಎಂಆರ್‌ಐ ಚಿತ್ರದಲ್ಲಿ ನಡುವೆ ನಕ್ಷತ್ರಾಕಾರದ ಕಪ್ಪು ಭಾಗ ಕಾಣುವುದನ್ನು 1990ರ ದಶಕದಲ್ಲಿ ಜಪಾನಿನ ತಜ್ಞರು ವರದಿ ಮಾಡಿದರು. ದೇಹದಾದ್ಯಂತ ಎಲ್ಲಿ ಉರಿಯೂತವಿದೆ ಎಂಬುದನ್ನು ಪಿಇಟಿ ಸ್ಕ್ಯಾನ್ ತೋರಿಸುತ್ತದೆ.

ಚಿಕಿತ್ಸೆಯ ದಿಕ್ಕು ಬದಲಿಸಿದ್ದು ಕಾರ್ಟಿಸೋನ್ ಎಂಬ ಸ್ಟಿರಾಯ್ಡ್. ಸಂಧಿವಾತದಲ್ಲಿ ಅದರ ಪರಿಣಾಮ 1949ರಲ್ಲಿ ಪ್ರಕಟವಾದ ಬಳಿಕ ಸಾರ್ಕಾಯ್ಡೋಸಿಸ್‌ಗೂ ಅದನ್ನು ಬಳಸತೊಡಗಿದರು. ಸ್ಟಿರಾಯ್ಡ್ ಈಗಲೂ ಮೊದಲ ಔಷಧಿ. ಅದು ಸಾಲದಾದಾಗ ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಕೊಡುತ್ತಾರೆ. ತೀವ್ರ ಬಗೆ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸಿದರೆ, ದೀರ್ಘಕಾಲೀನ ಬಗೆ ಹಲವೊಮ್ಮೆ ಮಣಿಯುವುದಿಲ್ಲ.

ಭಾರತದಂಥ ದೇಶದಲ್ಲಿ ಕ್ಷಯರೋಗವೂ ಗ್ರ್ಯಾನ್ಯುಲೋಮಾ ಉಂಟುಮಾಡುವುದರಿಂದ, ಸ್ಟಿರಾಯ್ಡ್ ಕೊಡುವ ಮೊದಲು ಅದಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ. ದೀರ್ಘಕಾಲ ಸೇವಿಸಿದ ಸ್ಟಿರಾಯ್ಡ್ ಸಹ ಸ್ನಾಯುಗಳನ್ನು ದುರ್ಬಲಗೊಳಿಸುತ್ತದೆ. ಆದ್ದರಿಂದ ರೋಗಿಯ ನಿಶ್ಶಕ್ತಿ ರೋಗದ್ದೋ ಔಷಧಿಯದ್ದೋ ಎಂಬುದನ್ನು ವೈದ್ಯರು ಬೇರ್ಪಡಿಸಿ ನೋಡಲೇಬೇಕು. ರೋಗಿ ತಾನಾಗಿ ಔಷಧಿಯನ್ನು ಹಠಾತ್ತನೆ ನಿಲ್ಲಿಸಬಾರದು.