ಮರುಸಸ್ಯಗಳ ಆಮ್ಲಚಕ್ರ

ಹಗಲು ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಆಮ್ಲರೂಪದಲ್ಲಿ ಕೂಡಿಟ್ಟುಕೊಳ್ಳುವ ಮೂಲಕ ಕೆಲವು ಸಸ್ಯಗಳು ನೀರು ಉಳಿಸುವ ಕ್ರಮ. ಶಾಸ್ತ್ರೀಯ ಹೆಸರು ಕ್ರಾಸುಲೇಸೀ ಆಮ್ಲ ಚಯಾಪಚಯ. ಮರುಭೂಮಿಯ ಕಳ್ಳಿಗಳಿಂದ ಹೆಸರಾದ ಈ ಕ್ರಮದ ಮೊದಲ ಸುಳಿವುಗಳಲ್ಲೊಂದು ದೊರೆತದ್ದು ಭಾರತದ ತೋಟದ ಗಿಡವೊಂದರಲ್ಲಿ. ಕಂಡುಕೊಂಡವನು ಆಂಧ್ರ ಕರಾವಳಿ ಮತ್ತು ಬೆಂಗಳೂರುಗಳಲ್ಲಿ ದುಡಿದ ಸಸ್ಯವಿಜ್ಞಾನಿ.

ನೆಲ ಮತ್ತು ಸಸ್ಯಗಳು: ಆಂಧ್ರ ಕರಾವಳಿ ಭಾಗದ ವಿಶಾಖಪಟ್ಟಣ, ವಿಜಯವಾಡಗಳು ಮರುಭೂಮಿಯಲ್ಲ, ಎರಡೂ ಕಡೆ ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆಯಾಗುತ್ತದೆ. ಆದರೆ ಅದರ ಬಹುಪಾಲು ಕೆಲವೇ ತಿಂಗಳುಗಳಲ್ಲಿ ಸುರಿದು ಮುಗಿಯುತ್ತದೆ. ಬಂಡೆಯ ಗುಡ್ಡಗಳಲ್ಲಿ ನೀರು ಹರಿದುಹೋದರೆ, ವಿಶಾಖಪಟ್ಟಣ–ಭೀಮುನಿಪಟ್ನಂ ನಡುವಿನ ಕೆಂಪು ಮರಳ ದಿಬ್ಬಗಳಲ್ಲಿ (ಎರ್ರಮಟ್ಟಿ ದಿಬ್ಬಲು) ಬೇಗ ಇಂಗಿಹೋಗುತ್ತದೆ. ಇಂಥ ನೆಲಕ್ಕೆ ಸಸ್ಯಗಳು ಎರಡು ಬಗೆಯಲ್ಲಿ ಹೊಂದಿಕೊಂಡಿವೆ. ವಿಜಯವಾಡದ ಬಳಿಯ ಕೊಂಡಪಲ್ಲಿ ಗೊಂಬೆಗಳಿಗೆ ಹಗುರ ಮರ ಒದಗಿಸುವ ತೆಲ್ಲಪೊಣಿಕಿ ಬೇಸಿಗೆಯಲ್ಲಿ ಎಲೆ ಉದುರಿಸಿ ನೀರಿನ ಖರ್ಚನ್ನೇ ನಿಲ್ಲಿಸುತ್ತದೆ. ತೆಲುಗರು ನಾಗಜೆಮುಡು ಎನ್ನುವ ಪಾಪಾಸುಕಳ್ಳಿ, ನಲ್ಲೇರು ಎನ್ನುವ ಮಂಗರವಳ್ಳಿ, ಕಲಬಂದ ಎನ್ನುವ ಲೋಳೆಸರಗಳು ಹಸಿರಾಗಿಯೇ ಉಳಿದು ಆಮ್ಲಚಕ್ರವನ್ನು ನೆಚ್ಚುತ್ತವೆ.

ಸಾಮರ್ಲಕೋಟದ ತೋಟ: ವಿಶಾಖಪಟ್ಟಣ, ವಿಜಯವಾಡಗಳನ್ನು ಕೂಡಿಸುವ ರೈಲುದಾರಿಯಲ್ಲಿರುವ ಸಾಮರ್ಲಕೋಟದಲ್ಲಿ ವಿಲಿಯಂ ರಾಕ್ಸ್‌ಬರ್ಗ್ 1781ರಿಂದ 1793ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದು ಸಸ್ಯಗಳನ್ನು ಬೆಳೆಸಿ ಅಭ್ಯಸಿಸಿದ. 1789ರಿಂದ ಮೇಲಿಂದ ಮೇಲೆ ಮಳೆ ಕೈಕೊಟ್ಟದ್ದನ್ನು ದಾಖಲಿಸಿದವನೂ ಈತನೇ. ಈತನ ಕೋರಮಂಡಲ ಸಸ್ಯಗ್ರಂಥ 1795ರಲ್ಲಿ ಹೊರಬರತೊಡಗಿತು. ಈತ ಕಲ್ಕತ್ತಕ್ಕೆ ಹೋದ ಮೇಲೆ ಸಾಮರ್ಲಕೋಟದ ಹೊಣೆ ಸ್ಯಾಕ್ಸನಿಯ ಬೆಂಜಮಿನ್ ಹೇಯ್ನೆಗೆ ಬಂತು. ಟಿಪ್ಪುವಿನ ಪತನಾನಂತರ ಹೇಯ್ನೆ ಕಂಪನಿಯ ಅಧಿಕಾರಿ ಮೆಕೆಂಜಿ ನಡೆಸಿದ ಮೈಸೂರು ಸರ್ವೇಕ್ಷಣೆಯಲ್ಲಿ ಪಾಲ್ಗೊಂಡು ಬೆಂಗಳೂರಿನ ಲಾಲ್‌ಬಾಗನ್ನೂ ನೋಡಿಕೊಂಡ.

ನಾಲಿಗೆಯ ಪರೀಕ್ಷೆ: ಹೇಯ್ನೆಯ ಗಮನ ಸೆಳೆದದ್ದು ಕಾಡುಬಸಳೆ (ತೆಲುಗಿನಲ್ಲಿ ರಣಪಾಲ). ಮಡಗಾಸ್ಕರ್ ಮೂಲದ ಇದರ ದಪ್ಪ ಎಲೆಯನ್ನು ಮಣ್ಣಿನ ಮೇಲಿಟ್ಟರೆ ಅಂಚಿನ ಕಚ್ಚುಗಳಲ್ಲಿ ಮರಿಗಿಡ ಮೊಳೆಯುತ್ತದೆ. ಅದರ ಎಲೆ ಮುಂಜಾನೆ ಕಡುಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ ಎಂದು ಆತ ಲಂಡನ್ನಿನ ಸಸ್ಯವಿಜ್ಞಾನಿ ಎ. ಬಿ. ಲ್ಯಾಂಬರ್ಟ್‌ಗೆ 1813ರಲ್ಲಿ ಬರೆದ. ಪತ್ರ 1815ರಲ್ಲಿ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ರಾತ್ರಿ ಎಲೆ ಆಮ್ಲಜನಕ ಹೀರಿ ಹುಳಿಯಾಗುತ್ತದೆ, ಬೆಳಕು ಅದನ್ನು ಹೊರಹಾಕುತ್ತದೆ ಎಂಬುದು ಆತನ ವಿವರಣೆ. ಆಮ್ಲಗಳಿಗೆಲ್ಲ ಆಮ್ಲಜನಕವೇ ಮೂಲವೆಂಬ ಅಂದಿನ ರಸಾಯನಶಾಸ್ತ್ರದ ನೆರಳು ಅದರಲ್ಲಿದೆ. ಕಾರಣ ತಪ್ಪಿದರೂ ಹಗಲಿರುಳಿನ ಲೆಕ್ಕ ತಪ್ಪಲಿಲ್ಲ. ಪಾಪಾಸುಕಳ್ಳಿಯ ಅನಿಲ ವಿನಿಮಯ ಬೇರೆ ಗಿಡಗಳಂತಿಲ್ಲವೆಂದು ಸ್ವಿಟ್ಜರ್ಲೆಂಡಿನ ವಿಜ್ಞಾನಿ ದ ಸೊಸ್ಯೂರ್ 1804ರಲ್ಲೇ ತೋರಿಸಿದ್ದ. ಎಲೆಯ ಹುಳಿ, ಕಳ್ಳಿಯ ಅನಿಲ ವಿನಿಮಯ ಎರಡೂ ಒಂದೇ ಕ್ರಿಯೆಯ ಎರಡು ಮುಖವೆಂದು ತಿಳಿಯಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಕಾಡುಬಸಳೆಯ ಕುಟುಂಬವಾದ ಕ್ರಾಸುಲೇಸೀಯಿಂದ ಬಂದ ಇಂದಿನ ಹೆಸರು ಬಳಕೆಗೆ ಬಂದದ್ದು 1940ರ ದಶಕದಲ್ಲಿ.

ಕ್ರಿಯೆ: ತಂಪಾದ ರಾತ್ರಿಯಲ್ಲಿ ತೆರೆದ ಪತ್ರರಂಧ್ರಗಳಿಂದ ಒಳಬಂದ ಇಂಗಾಲದ ಡೈಆಕ್ಸೈಡ್ ಮ್ಯಾಲಿಕ್ ಆಮ್ಲವಾಗಿ ಜೀವಕೋಶದ ರಸದಾನಿಯಲ್ಲಿ ತುಂಬಿಕೊಳ್ಳುತ್ತದೆ, ಬೆಳಗಿನ ಹುಳಿ ಇದೇ. ಬಿಸಿಲೇರಿದಂತೆ ರಂಧ್ರಗಳು ಮುಚ್ಚುತ್ತವೆ, ಆಮ್ಲ ಒಡೆದು ಅನಿಲ ಒಳಗೇ ಬಿಡುಗಡೆಯಾಗಿ ಸಕ್ಕರೆಯಾಗುತ್ತದೆ. ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಗಳಿಸಲು ಸಾಧಾರಣ ಸಸ್ಯ 400–500 ಗ್ರಾಂ ನೀರು ಕಳೆದುಕೊಂಡರೆ, ಈ ಸಸ್ಯಗಳು ಕಳೆದುಕೊಳ್ಳುವುದು 50–100 ಗ್ರಾಂ. ಇದರ ಬೆಲೆ ನಿಧಾನ ಬೆಳವಣಿಗೆ: ರಾತ್ರಿ ಎಷ್ಟು ಆಮ್ಲ ಕೂಡಿತೋ ಅಷ್ಟೇ ಹಗಲಿನ ಬಂಡವಾಳ.

ಬಳಕೆ: ಅನಾನಸು, ಕತ್ತಾಳೆಗಳೂ ಈ ಗುಂಪಿನವು. ಮೂತ್ರಪಿಂಡದ ಕಲ್ಲಿಗೆಂದು ಬೆಳಗ್ಗೆ ಬರಿಹೊಟ್ಟೆಯಲ್ಲಿ ಕಾಡುಬಸಳೆ ಎಲೆ ಅಗಿಯುವ ರೂಢಿ ಆಂಧ್ರ, ಕರ್ನಾಟಕಗಳೆರಡರಲ್ಲೂ ಇದೆ. ಹಾಗೆ ಅಗಿಯುವವರ ಬಾಯಿಗೆ ಸಿಗುವುದು ಹಿಂದಿನ ರಾತ್ರಿ ಕೂಡಿಟ್ಟ ಹುಳಿ.